ಹೊಕ್ಕುಳಲ್ಲೊಂದು ಮೂತ್ರದ ದಾರಿ

“ಡಾಕ್ಟ್ರೇ, ಇವಳಿಗೆ ಒಂಬತ್ತು ವರ್ಷ. ಇನ್ನೂ ಬಟ್ಟೆ ಒದ್ದೆಯಾಗುತ್ತೆ. ಶಾಲೆಯಲ್ಲಿ ಪಕ್ಕದಲ್ಲಿ ಯಾರೂ ಕೂರೋದಿಲ್ಲ” ಎಂದು ತಾಯಿಯೊಬ್ಬರು ಕಣ್ಣೊರೆಸಿಕೊಂಡರು. ಗಾಲಿಕುರ್ಚಿಯಲ್ಲಿದ್ದ ಹುಡುಗಿ ತಲೆ ತಗ್ಗಿಸಿದ್ದಳು. ಹುಟ್ಟುವಾಗಲೇ ಅವಳ ಬೆನ್ನಿನ ಕೆಳಭಾಗದಲ್ಲಿ ಗಂಟಿತ್ತು.

ಇದು ಸೋಮಾರಿತನವಲ್ಲ, ಹಟವೂ ಅಲ್ಲ. ಇದರ ಹೆಸರು ಸ್ಪೈನಾ ಬೈಫಿಡಾ. ಗರ್ಭದಲ್ಲಿ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ನರಗಳಿಗೆ ಪೆಟ್ಟಾಗಿರುತ್ತದೆ. ಮೂತ್ರಕೋಶ ತುಂಬಿದ್ದು ತಿಳಿಯುವುದಿಲ್ಲ, ಪೂರ್ತಿ ಖಾಲಿಯೂ ಆಗುವುದಿಲ್ಲ. ಉಳಿದ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ಒತ್ತಡ ಹೆಚ್ಚಿ ಮೂತ್ರ ಹಿಮ್ಮುಖವಾಗಿ ಹರಿದರೆ ಮೂತ್ರಪಿಂಡಗಳೇ ಕೆಡಬಹುದು. ಒದ್ದೆ ಬಟ್ಟೆಗಿಂತ ದೊಡ್ಡ ಅಪಾಯ ಇದು.

1972ರಲ್ಲಿ ಅಮೆರಿಕದ ಡಾ. ಲ್ಯಾಪಿಡಿಸ್ ಸರಳ ಉಪಾಯ ತೋರಿಸಿದರು. ಕೈ ತೊಳೆದು, ದಿನಕ್ಕೆ ಕೆಲವು ಬಾರಿ ತೆಳುವಾದ ಕ್ಯಾತಿಟರ್ ತೂರಿಸಿ ಮೂತ್ರ ಹೊರತೆಗೆದರೆ ಸಾಕು. ಹಲವರಿಗೆ ಇಷ್ಟೇ ಚಿಕಿತ್ಸೆ. ಆದರೆ ಗಾಲಿಕುರ್ಚಿಯಲ್ಲಿ ಕುಳಿತ ಹುಡುಗಿಗೆ ತನ್ನ ಮೂತ್ರದ್ವಾರ ಕಾಣುವುದೇ ಇಲ್ಲ. ಪ್ರತಿಸಲವೂ ತಾಯಿ ಬೇಕು.

1980ರಲ್ಲಿ ಫ್ರಾನ್ಸಿನ ಡಾ. ಪಾಲ್ ಮಿತ್ರೊಫನಾಫ್ ಇದಕ್ಕೆ ಹೊಸ ದಾರಿ ಪ್ರಕಟಿಸಿದರು. ನಾವು ಕೆಲಸಕ್ಕೆ ಬಾರದ್ದೆಂದು ಭಾವಿಸುವ ಅಪೆಂಡಿಕ್ಸನ್ನು ರಕ್ತನಾಳ ಸಮೇತ ಕರುಳಿನಿಂದ ಬೇರ್ಪಡಿಸಿ, ಒಂದು ತುದಿಯನ್ನು ಮೂತ್ರಕೋಶಕ್ಕೂ ಇನ್ನೊಂದನ್ನು ಹೊಕ್ಕುಳಿಗೋ ಹೊಟ್ಟೆಯ ಬಲಗೆಳಭಾಗಕ್ಕೋ ಜೋಡಿಸುತ್ತಾರೆ. ಮೂತ್ರಕೋಶದ ಒಳಪೊರೆಯಡಿ ಅದನ್ನು ಸುರಂಗದಂತೆ ಹಾಯಿಸುತ್ತಾರೆ. ಕೋಶ ತುಂಬುತ್ತ ಬಂದಂತೆ ಒತ್ತಡದಿಂದ ಆ ಸುರಂಗ ತಾನಾಗಿ ಮುಚ್ಚಿಕೊಳ್ಳುತ್ತದೆ, ಮೂತ್ರ ಸೋರದು. ಹೊರಗೆ ಚೀಲವೂ ಬೇಡ. ಹುಡುಗಿ ತಾನೇ ಕುಳಿತಲ್ಲಿ ಕ್ಯಾತಿಟರ್ ಹಾಕಿಕೊಳ್ಳಬಹುದು. ಅಪೆಂಡಿಕ್ಸ್ ಇಲ್ಲದವರಿಗೆ ಸಣ್ಣಕರುಳಿನ ತುಂಡಿನಿಂದ ನಳಿಕೆ ರೂಪಿಸುವ ವಿಧಾನವನ್ನು 1997ರಲ್ಲಿ ಬ್ರೆಜಿಲಿನ ಡಾ. ಮಾಂಟಿ ವಿವರಿಸಿದರು.

ಹಾಗೆಂದು ಇದು ಜಾದೂ ಅಲ್ಲ. ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ನಳಿಕೆಯನ್ನು ಒಳಗೇ ಬಿಡಬೇಕು. ಬಾಯಿ ಕಿರಿದಾಗುವುದು, ಸೋರುವುದು, ಕಲ್ಲು ಕಟ್ಟುವುದು ಉಂಟು. ಕೆಲವರಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಜೀವನವಿಡೀ ತಪಾಸಣೆ ತಪ್ಪದು. ನೀವು ನೆನಪಿಡಬೇಕಾದ್ದು:

* ವೈದ್ಯರು ಹೇಳಿದ ವೇಳೆಗೆ ಮೂತ್ರಕೋಶ ಖಾಲಿ ಮಾಡಿ. ಒಂದು ಬಾರಿಯೂ ತಪ್ಪಿಸಬೇಡಿ.
* ಕ್ಯಾತಿಟರ್ ಒಳಹೋಗದಿದ್ದರೆ ಬಲವಂತ ಮಾಡದೆ ತಕ್ಷಣ ಆಸ್ಪತ್ರೆಗೆ ಹೋಗಿ.
* ಜ್ವರ, ಬೆನ್ನುನೋವು, ವಾಂತಿ ಬಂದರೆ ತಡಮಾಡಬೇಡಿ.
* ಈ ಮಕ್ಕಳಲ್ಲಿ ಲೇಟೆಕ್ಸ್ ರಬ್ಬರಿನ ಅಲರ್ಜಿ ಹೆಚ್ಚು; ವೈದ್ಯರಿಗೆ ಮೊದಲೇ ತಿಳಿಸಿ.

ಕೊನೆಯದಾಗಿ ಒಂದು ಮಾತು. ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭಧಾರಣೆಯ ಮೊದಲ ನಾಲ್ಕು ವಾರಗಳಲ್ಲಿ. ಹಲವು ತಾಯಂದಿರಿಗೆ ಆಗ ಬಸುರಿಯೆಂದೇ ಗೊತ್ತಿರುವುದಿಲ್ಲ. ಆದ್ದರಿಂದ ಮಗು ಬೇಕೆನ್ನುವವರು ಒಂದು ತಿಂಗಳು ಮೊದಲಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕು. ಹಿಂದಿನ ಮಗುವಿಗೆ ಈ ದೋಷವಿದ್ದರೆ ಪ್ರಮಾಣ ಇನ್ನೂ ಹೆಚ್ಚು ಬೇಕು, ವೈದ್ಯರನ್ನು ಕೇಳಿ. ಆ ತಾಯಿಗೂ ಇದನ್ನೇ ಹೇಳಿದೆ. ಹುಡುಗಿಯನ್ನು ಮಕ್ಕಳ ಮೂತ್ರರೋಗ ಶಸ್ತ್ರಚಿಕಿತ್ಸಕರ ಬಳಿ ಕಳಿಸಿಕೊಟ್ಟೆ.