ಕೆಚ್ಚಲು ಬಾವು: ಆ್ಯಂಟಿಬಯಾಟಿಕ್ ಸಂವೇದನಾ ಪರೀಕ್ಷೆ

• ಮಹತ್ವ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೈನುಗಾರರಿಗೆ ನಷ್ಟ ತರುವ ರೋಗವಿದು. ಸರಿಯಾದ ಔಷಧ ಆರಿಸಲು ಈ ಪರೀಕ್ಷೆ ಅಗತ್ಯ.

• ಪ್ರಮುಖ ರೋಗಾಣುಗಳು: ಸ್ಟ್ಯಾಫಿಲೊಕಾಕಸ್ ಆರಿಯಸ್, ಸ್ಟ್ರೆಪ್ಟೊಕಾಕಸ್ ಅಗಲ್ಯಾಕ್ಟಿಯೆ, ಇ. ಕೋಲಿ.

• ಮಾದರಿ: ಔಷಧ ಕೊಡುವ ಮೊದಲೇ, ಮೊಲೆತೊಟ್ಟು ಶುಚಿಗೊಳಿಸಿ ಹಾಲು ಸಂಗ್ರಹಿಸಬೇಕು.

• ವಿಧಾನ: ಕಿರ್ಬಿ–ಬಾಯರ್ ಡಿಸ್ಕ್ ಪರೀಕ್ಷೆ (1966). ಹಾಲಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾವನ್ನು ಮುಲ್ಲರ್–ಹಿಂಟನ್ ಅಗರ್ ಎಂಬ ಬೆಳವಣಿಗೆ ಮಾಧ್ಯಮದ ಮೇಲೆ ಹರಡಿ, ಔಷಧದ ಬಿಲ್ಲೆಗಳನ್ನಿಟ್ಟು, ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 16–18 ಗಂಟೆ ಇಡುತ್ತಾರೆ. ಸ್ಟ್ರೆಪ್ಟೊಕಾಕಸ್‌ಗೆ ರಕ್ತ ಬೆರೆಸಿದ ಅಗರ್ ಬೇಕು, ಅವಧಿಯೂ ಹೆಚ್ಚು.

• ಫಲಿತಾಂಶ: ಬಿಲ್ಲೆಯ ಸುತ್ತ ಬೆಳವಣಿಗೆಯಿಲ್ಲದ ವಲಯದ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ಅಳೆದು ಸಂವೇದಿ, ಮಧ್ಯಮ, ನಿರೋಧಿ ಎಂದು ವಿಂಗಡಣೆ. ಪ್ರತಿ ಔಷಧಕ್ಕೂ ಮಾನದಂಡ ಬೇರೆ.

• ನೆನಪಿಡಿ: 2019ರಲ್ಲಿ ಭಾರತವು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಅನ್ನು ನಿಷೇಧಿಸಿತು. ಚಿಕಿತ್ಸೆಯಾದ ಹಸುವಿನ ಹಾಲನ್ನು ನಿಗದಿತ ಅವಧಿ ಮುಗಿಯುವವರೆಗೆ ಡೇರಿಗೆ ಹಾಕಬಾರದು.