ಸಿ.ವಿ. ರಾಮನ್: ಪರಿಣಾಮದಾಚೆಗೆ ಅಕಾಡೆಮಿ

ಸಿ.ವಿ. ರಾಮನ್ (1888–1970) ಎಂದೊಡನೆ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳಿಗೆ ನೆನಪಾಗುವುದು ರಾಮನ್ ಪರಿಣಾಮ ಪತ್ತೆಯಾದ 1928ರ ಫೆಬ್ರುವರಿ 28, 1930ರ ನೊಬೆಲ್, 1954ರ ಭಾರತರತ್ನ. 1934ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಗೂ ಅಷ್ಟೇ ತೂಕ ಸಲ್ಲಬೇಕು. ಇಲ್ಲಿನ ಸಂಶೋಧನೆ ಇಲ್ಲಿಯೇ ಒಳ್ಳೆಯ ಗುಣಮಟ್ಟದಲ್ಲಿ ಅಚ್ಚಾಗಬೇಕೆಂಬುದು ಅವರ ಹಟ. ಅದೇ ವರ್ಷ ಅಕಾಡೆಮಿಯ 'ಪ್ರೊಸೀಡಿಂಗ್ಸ್' ಹೊರಬಂತು. ಶಬ್ದತರಂಗಗಳಿಂದ ಬೆಳಕು ವಿವರ್ತನೆಗೊಳ್ಳುವ ಬಗೆಯನ್ನು ವಿವರಿಸಿದ ರಾಮನ್–ನಾಥ್ ಸಿದ್ಧಾಂತದ ಪ್ರಬಂಧಗಳು 1935–36ರಲ್ಲಿ ಬಂದದ್ದು ಈ ಪತ್ರಿಕೆಯಲ್ಲೇ. ತಮ್ಮ ಶ್ರೇಷ್ಠ ಕೆಲಸವನ್ನೇ ಹೊಸ ಪತ್ರಿಕೆಗೆ ಕೊಟ್ಟರು ಎಂಬುದು ನನಗೆ ಆ ಹಟಕ್ಕೆ ದೊಡ್ಡ ಪುರಾವೆಯಾಗಿ ಕಾಣುತ್ತದೆ.

ಒಬ್ಬರೇ ಸ್ಥಾಪನೆಯಿಂದ ಸಾಯುವವರೆಗೆ, ಅಂದರೆ 36 ವರ್ಷ, ಅಧ್ಯಕ್ಷರಾಗಿ ಉಳಿದದ್ದು ಸರಿಯೇ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ, ಅವರ ನಂತರ ಅಧ್ಯಕ್ಷರು ಅವಧಿಗೊಬ್ಬರಂತೆ ಬದಲಾಗುತ್ತಾ ಬಂದರು. ಆದರೆ ಸಂಸ್ಥೆ ವ್ಯಕ್ತಿಯ ನೆರಳಷ್ಟೇ ಆಗಿದ್ದರೆ 1970ರ ನಂತರ ಸೊರಗಬೇಕಿತ್ತು. ಹಾಗಾಗಲಿಲ್ಲ: 1973ರಲ್ಲಿ 'ಪ್ರಮಾಣ' ಎಂಬ ಭೌತವಿಜ್ಞಾನ ಪತ್ರಿಕೆ ಆರಂಭವಾಯಿತು, ಸತೀಶ್ ಧವನ್, ಸಿ.ಎನ್.ಆರ್. ರಾವ್, ರೊದ್ದಂ ನರಸಿಂಹ ಅಧ್ಯಕ್ಷ ಪೀಠಕ್ಕೆ ಬಂದರು. ದೇಶಕ್ಕೆ ಒಂದೇ ಅಕಾಡೆಮಿ ಸಾಕಿತ್ತು ಎನ್ನುವವರೂ ಉಂಟು, ಏಕೆಂದರೆ ಇನ್ನೊಂದೂ ಇದೆ: ಕೋಲ್ಕತ್ತದಲ್ಲಿ 1935ರಲ್ಲಿ ಹುಟ್ಟಿದ ರಾಷ್ಟ್ರೀಯ ವಿಜ್ಞಾನ ಸಂಸ್ಥೆ 1970ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಎಂಬ ಹೆಸರು ಪಡೆಯಿತು. ಅದರ ಕೇಂದ್ರ ದೆಹಲಿ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಈ ಎರಡು ಅಕಾಡೆಮಿಗಳನ್ನು ಅದಲುಬದಲು ಮಾಡಿಕೊಳ್ಳುವವರೇ ಹೆಚ್ಚು.