ಮಿಣುಕುವ ಬಲ್ಬು ಏನು ಹೇಳುತ್ತದೆ?

ಮಕ್ಕಳೇ, ಸಂಜೆ ಓದಲು ಕುಳಿತಾಗ ಮನೆಯ ಎಲ್‌ಇಡಿ ಬಲ್ಬು ಮಿಣುಕ್ ಮಿಣುಕ್ ಎನ್ನುವುದನ್ನು ನೋಡಿದ್ದೀರಾ? ಆಗ ಕೆಲವರು ಬಲ್ಬಿಗೆ ಮೆಲ್ಲಗೆ ತಟ್ಟುತ್ತಾರೆ. ಕೆಲವರು ಸ್ವಿಚ್ಚನ್ನು ಹತ್ತು ಸಲ ಒತ್ತುತ್ತಾರೆ. ಇನ್ನು ಕೆಲವರು ಅಂಗಡಿಗೆ ಹೋಗಿ ಹೊಸ ಬಲ್ಬು ತರುತ್ತಾರೆ. ಒಮ್ಮೊಮ್ಮೆ ಅದೂ ಮಿಣುಕುತ್ತದೆ! ಹಾಗಾದರೆ ದೋಷ ಇರುವುದು ಎಲ್ಲಿ? ಬಲ್ಬಿನಲ್ಲೋ, ಹೋಲ್ಡರಿನಲ್ಲೋ, ಗೋಡೆಯೊಳಗಿನ ತಂತಿಯಲ್ಲೋ, ಬೀದಿಯ ಕಂಬದಲ್ಲೋ?

ಇದನ್ನು ಕಂಡುಹಿಡಿಯುವುದು ಪತ್ತೇದಾರಿ ಕೆಲಸ. ಅದಕ್ಕೆ ಬೇಕಾದ ಉಪಕರಣಗಳು ನಿಮ್ಮಲ್ಲೇ ಇವೆ: ಎರಡು ಕಣ್ಣು, ಎರಡು ಕಿವಿ, ಒಂದು ಮೂಗು. ತಂತಿ, ಹೋಲ್ಡರ್, ಸ್ವಿಚ್‌ಬೋರ್ಡುಗಳನ್ನು ನೀವು ಬಿಚ್ಚಬೇಕಾಗಿಲ್ಲ, ಬಿಚ್ಚಲೂಬಾರದು.

ಹಳೆಯ ಬಲ್ಬು ಮುಚ್ಚಿಡುತ್ತಿತ್ತು, ಎಲ್‌ಇಡಿ ತೋರಿಸುತ್ತದೆ

ನಮ್ಮ ಮನೆಗಳಿಗೆ ಬರುವುದು ಪರ್ಯಾಯ ವಿದ್ಯುತ್. ಅದರ ವೋಲ್ಟೇಜು ಸುಮಾರು 230. ಈ ವಿದ್ಯುತ್ ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ. ಜೋಕಾಲಿ ದಿಕ್ಕು ಬದಲಿಸುವಾಗ ಒಂದು ಕ್ಷಣ ನಿಲ್ಲುತ್ತದೆ ಅಲ್ಲವೇ? ಹಾಗೆಯೇ ವಿದ್ಯುತ್ ಪ್ರವಾಹವೂ ಪ್ರತಿ ಓಲಾಟದಲ್ಲಿ ಎರಡು ಸಲ ಸೊನ್ನೆಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 100 ಸಲ!

ಹಳೆಯ ಬಲ್ಬಿನಲ್ಲಿ ಟಂಗ್‌ಸ್ಟನ್ ಲೋಹದ ಸಣ್ಣ ಸುರುಳಿ ಇರುತ್ತಿತ್ತು. ಅದು ಕಾದು ಕೆಂಪಾಗಿ, ಇನ್ನೂ ಕಾದು ಬೆಳಕು ಕೊಡುತ್ತಿತ್ತು. ಒಲೆಯಿಂದ ಇಳಿಸಿದ ಕಾವಲಿ ಕೂಡಲೇ ತಣ್ಣಗಾಗುವುದಿಲ್ಲ. ಅದೇ ರೀತಿ, ಪ್ರವಾಹ ಕ್ಷಣಕಾಲ ನಿಂತರೂ ಸುರುಳಿಯ ಕಾವು ಉಳಿದಿರುತ್ತಿತ್ತು. ಆದ್ದರಿಂದ ಬೆಳಕಿನ ಏರಿಳಿತ ನಮ್ಮ ಕಣ್ಣಿಗೆ ಕಾಣುತ್ತಿರಲಿಲ್ಲ.

ಎಲ್‌ಇಡಿ ಹಾಗಲ್ಲ. ಅದು ಅರೆವಾಹಕ ವಸ್ತುವಿನ ಸಣ್ಣ ತುಣುಕು. ಬೆಳಗಲು ಅದು ಕಾಯಬೇಕಾಗಿಲ್ಲ. ವಿದ್ಯುತ್ ಹರಿದ ಕೂಡಲೇ ಬೆಳಕು. ನಿಂತ ಕೂಡಲೇ ಕತ್ತಲೆ. ಹೀಗಾಗಿ ವಿದ್ಯುತ್ತಿನ ದಾರಿಯಲ್ಲಿ ಎಲ್ಲೇ ಸಣ್ಣ ತೊಡಕಾದರೂ ಎಲ್‌ಇಡಿ ಅದನ್ನು ತೋರಿಸಿಬಿಡುತ್ತದೆ.

ಬಲ್ಬಿನ ಒಳಗೆ ಏನಿದೆ?

ಎಲ್‌ಇಡಿಗೆ ಬೇಕಾದುದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್. ಅದಕ್ಕಾಗಿ ಬಲ್ಬಿನ ಬುಡದಲ್ಲಿ ಒಂದು ಪುಟ್ಟ ಮಂಡಲವಿರುತ್ತದೆ. ಅದನ್ನು ಡ್ರೈವರ್ ಎನ್ನುತ್ತಾರೆ. ಅದರಲ್ಲಿರುವ ಡಯೋಡುಗಳು ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಕೆಪಾಸಿಟರ್ ಎಂಬ ಇನ್ನೊಂದು ಭಾಗ ವಿದ್ಯುತ್ತನ್ನು ಸ್ವಲ್ಪ ಕೂಡಿಟ್ಟುಕೊಳ್ಳುತ್ತದೆ. ಪಂಪು ನಿಂತರೂ ಮೇಲಿನ ತೊಟ್ಟಿಯಲ್ಲಿ ನೀರಿದ್ದರೆ ನಲ್ಲಿಯಲ್ಲಿ ನೀರು ಬರುತ್ತದೆ. ಕೆಪಾಸಿಟರ್ ಮಾಡುವುದೂ ಇಂಥದೇ ಕೆಲಸ. ಪ್ರವಾಹ ಸೊನ್ನೆಗೆ ಇಳಿದಾಗ ಅದು ತನ್ನಲ್ಲಿರುವುದನ್ನು ಕೊಟ್ಟು ಬೆಳಕನ್ನು ಕಾಪಾಡುತ್ತದೆ.

ಆದರೆ ಈ ಕೆಪಾಸಿಟರಿಗೆ ಬಿಸಿ ಆಗದು. ಬಹುಕಾಲ ಬಿಸಿಯಲ್ಲಿದ್ದರೆ ಅದರೊಳಗಿನ ದ್ರವ ಆರುತ್ತಾ ಹೋಗಿ, ಕೂಡಿಡುವ ಶಕ್ತಿ ಕುಗ್ಗುತ್ತದೆ. ಆಗ ಬಲ್ಬು ಮಿಣುಕತೊಡಗುತ್ತದೆ. ಗಾಳಿಯಾಡದ ಗಾಜಿನ ಗೂಡಿನಲ್ಲಿ ಹಾಕಿದ ಬಲ್ಬು ಬೇಗ ಕೆಡಲು ಇದೂ ಒಂದು ಕಾರಣ.

ಬಲ್ಬಿನೊಳಗಿನ ಎಲ್‌ಇಡಿ ತುಣುಕುಗಳನ್ನು ಸಾಮಾನ್ಯವಾಗಿ ಸಾಲಾಗಿ ಜೋಡಿಸಿರುತ್ತಾರೆ. ಜಾತ್ರೆಯಲ್ಲಿ, ಗಣೇಶನ ಪೆಂಡಾಲಿನಲ್ಲಿ ಕಟ್ಟುವ ಸೀರಿಯಲ್ ಸೆಟ್ ನೆನಪಿಸಿಕೊಳ್ಳಿ. ಸಾಲಿನಲ್ಲಿ ಒಂದು ಸಡಿಲವಾದರೂ ಎಲ್ಲವೂ ಆರುತ್ತವೆ. ಬಿಸಿಯಾದಾಗ ಬೆಸುಗೆ ಬಿಡುತ್ತದೆ, ತಣ್ಣಗಾದಾಗ ಮತ್ತೆ ಕೂಡುತ್ತದೆ. ಹೀಗೆ ಬಲ್ಬು ಆರಿ ಹೊತ್ತಿ, ಆರಿ ಹೊತ್ತಿ ಆಟವಾಡುತ್ತದೆ.

ಎಲ್ಲಿ ಮಿಣುಕುತ್ತದೆ? ಯಾವಾಗ ಮಿಣುಕುತ್ತದೆ?

ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

1. ಒಂದೇ ಬಲ್ಬು ಮಿಣುಕಿದರೆ: ದೊಡ್ಡವರಿಗೆ ಹೇಳಿ ಮೇನ್ ಸ್ವಿಚ್ ಆರಿಸಲು ತಿಳಿಸಿ. ಬಲ್ಬು ತಣ್ಣಗಾದ ಮೇಲೆ ಅವರು ಅದನ್ನು ಬೇರೆ ಕೋಣೆಯ ಒಳ್ಳೆಯ ಬಲ್ಬಿನೊಂದಿಗೆ ಅದಲು ಬದಲು ಮಾಡಲಿ. ಮಿಣುಕಾಟವೂ ಬಲ್ಬಿನ ಜೊತೆ ಬೇರೆ ಕೋಣೆಗೆ ಹೋಯಿತೇ? ದೋಷ ಬಲ್ಬಿನದು. ಮಿಣುಕಾಟ ಹಳೆಯ ಜಾಗದಲ್ಲೇ ಉಳಿಯಿತೇ? ದೋಷ ಹೋಲ್ಡರಿನದು, ಸ್ವಿಚ್ಚಿನದು ಅಥವಾ ಅಲ್ಲಿಗೆ ಬರುವ ತಂತಿಯದು. ಹೋಲ್ಡರಿನೊಳಗೆ ಸ್ಪ್ರಿಂಗ್ ಇರುವ ಎರಡು ಕಡ್ಡಿಗಳು ಬಲ್ಬಿನ ತಳದ ಎರಡು ಚುಕ್ಕೆಗಳನ್ನು ಒತ್ತಿ ಹಿಡಿಯುತ್ತವೆ. ಸ್ಪ್ರಿಂಗ್ ಸಡಿಲವಾದರೆ, ಇಲ್ಲವೇ ಮಸಿ ಹಿಡಿದರೆ ವಿದ್ಯುತ್ ಸರಿಯಾಗಿ ದಾಟುವುದಿಲ್ಲ. ಆಗ ಎಷ್ಟು ಹೊಸ ಬಲ್ಬು ತಂದರೂ ಹಣ ದಂಡ.

2. ಒಂದು ಕೋಣೆಯ ದೀಪಗಳೆಲ್ಲ ಮಿಣುಕಿದರೆ: ಆ ಕೋಣೆಗೆ ಬರುವ ತಂತಿಯ ಯಾವುದೋ ಜೋಡಣೆ ಸಡಿಲವಾಗಿರಬಹುದು. ಸಡಿಲ ಜಾಗದಲ್ಲಿ ವಿದ್ಯುತ್ತಿಗೆ ರೋಧ ಹೆಚ್ಚು. ಅಲ್ಲಿ ಕಿಡಿ ಹಾರುತ್ತದೆ, ಜೋಡಣೆ ಕಾಯುತ್ತದೆ, ತಂತಿಯ ಪ್ಲಾಸ್ಟಿಕ್ ಕರಗುತ್ತದೆ. ಮನೆಗೆ ಬೆಂಕಿ ಬೀಳುವುದೂ ಹೀಗೆಯೇ! ಬೋರ್ಡಿನಿಂದ ಚರಚರ ಸದ್ದು, ಸುಟ್ಟ ವಾಸನೆ, ಕಪ್ಪು ಕಲೆ ಇವೆಯೇ ಎಂದು ದೂರದಿಂದಲೇ ಗಮನಿಸಿ. ಇದ್ದರೆ ತಡಮಾಡದೆ ದೊಡ್ಡವರಿಂದ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಶಿಯನ್ನರನ್ನು ಕರೆಸಿ.

3. ಇಡೀ ಮನೆಯ ದೀಪಗಳು ಮಿಣುಕಿದರೆ: ಅದು ಯಾವಾಗ ಎಂದು ನೋಡಿ. ಮಿಕ್ಸಿ ಅಥವಾ ನೀರಿನ ಮೋಟರ್ ಶುರುವಾದ ಕ್ಷಣ ಮಾತ್ರವೇ? ಮೋಟರ್ ಚಾಲೂ ಆಗುವಾಗ ಹಲವು ಪಟ್ಟು ಹೆಚ್ಚು ಪ್ರವಾಹ ಎಳೆಯುತ್ತದೆ. ಆಗ ವೋಲ್ಟೇಜು ಒಂದು ಕ್ಷಣ ತಗ್ಗುವುದು ಸಾಮಾನ್ಯ. ಆದರೆ ಯಾವ ಮೋಟರೂ ಓಡದಿದ್ದಾಗ ಮಿಣುಕಾಟ ನಡೆದೇ ಇದ್ದರೆ ಮೀಟರಿನ ಹತ್ತಿರ ಅಥವಾ ಕಂಬದಿಂದ ಬರುವ ತಂತಿಯಲ್ಲಿ ಸಡಿಲವಿರಬಹುದು.

4. ಅಕ್ಕಪಕ್ಕದ ಮನೆಗಳಲ್ಲೂ ಮಿಣುಕಿದರೆ: ದೋಷ ಬೀದಿಯ ಲೈನಿನಲ್ಲಿದೆ. ಕೆಲವು ಮನೆಗಳಲ್ಲಿ ದೀಪ ಕಣ್ಣು ಕುಕ್ಕುವಷ್ಟು ಪ್ರಖರ, ಕೆಲವು ಮನೆಗಳಲ್ಲಿ ಮಂಕು ಎಂದಾದರೆ ಇನ್ನೂ ಎಚ್ಚರ ಬೇಕು. ಲೈನಿನ ತಟಸ್ಥ ತಂತಿ, ಅಂದರೆ ನ್ಯೂಟ್ರಲ್, ತುಂಡಾದಾಗ ಹೀಗಾಗುತ್ತದೆ. ಕೆಲವು ಮನೆಗಳಿಗೆ 230ಕ್ಕಿಂತ ಬಹಳ ಹೆಚ್ಚು ವೋಲ್ಟೇಜು ನುಗ್ಗಿ ಟಿ.ವಿ., ಫ್ರಿಜ್ಜು ಸುಡಬಹುದು. ಮೇನ್ ಸ್ವಿಚ್ ಆರಿಸಿ, 1912ಕ್ಕೆ ಫೋನ್ ಮಾಡಲು ದೊಡ್ಡವರಿಗೆ ಹೇಳಿ. ಅದು ವಿದ್ಯುತ್ ದೂರುಗಳಿಗಾಗಿ ಇರುವ ಸಂಖ್ಯೆ.

ಸ್ವಿಚ್ ಆರಿಸಿದರೂ ಮಿಣುಕು!

ಕೆಲವು ಮನೆಗಳಲ್ಲಿ ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬು ಆಗಾಗ ಮಿಂಚುತ್ತದೆ, ಇಲ್ಲವೇ ಮಂದವಾಗಿ ಹೊಳೆಯುತ್ತದೆ. ಇದು ದೆವ್ವದ ಕಾಟವಲ್ಲ. ಸ್ವಿಚ್ಚಿನಲ್ಲೇ ಸಣ್ಣ ಕೆಂಪು ದೀಪವಿದ್ದರೆ ಅದರ ಮೂಲಕ ಅತ್ಯಲ್ಪ ವಿದ್ಯುತ್ ಹರಿಯುತ್ತದೆ. ಅದು ಹನಿ ಹನಿಯಾಗಿ ಬಲ್ಬಿನ ಕೆಪಾಸಿಟರ್ ಸೇರುತ್ತದೆ. ತುಂಬಿದೊಡನೆ ಒಂದು ಮಿಂಚು. ಮತ್ತೆ ತುಂಬಲು ಶುರು.

ಇನ್ನೊಂದು ಕಾರಣವೂ ಇರಬಹುದು. ಸ್ವಿಚ್ಚನ್ನು ಸಜೀವ ತಂತಿಗೆ, ಅಂದರೆ ಫೇಸ್‌ಗೆ, ಜೋಡಿಸಬೇಕು. ತಪ್ಪಿ ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೆ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ವಿದ್ಯುತ್ ಉಳಿದಿರುತ್ತದೆ! ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಆದ್ದರಿಂದಲೇ ಬಲ್ಬು ಬದಲಿಸುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಮೇನ್ ಆರಿಸಬೇಕು.

ಮಾಡಿ ನೋಡಿ

ಬೇಕಾಗುವ ವಸ್ತು: ಒಂದು ಬಿಳಿ ಪೆನ್ಸಿಲ್ ಅಥವಾ ಸೀಮೆಸುಣ್ಣದ ಕಡ್ಡಿ.

ಹಗಲು ಬೆಳಕಿನಲ್ಲಿ ಕಡ್ಡಿಯನ್ನು ಬೀಸಣಿಗೆಯಂತೆ ವೇಗವಾಗಿ ಆಡಿಸಿ. ಒಂದೇ ಸಮನಾದ ಮಸುಕು ಪಟ್ಟಿ ಕಾಣುತ್ತದೆ. ರಾತ್ರಿ, ಒಂದೇ ಎಲ್‌ಇಡಿ ಬಲ್ಬು ಉರಿಯುತ್ತಿರುವ ಕೋಣೆಯಲ್ಲಿ, ಹಿಂದೆ ಕಪ್ಪು ಬಟ್ಟೆ ಇರುವಂತೆ ನಿಂತು ಹಾಗೆಯೇ ಆಡಿಸಿ. ಒಂದೇ ಕಡ್ಡಿ ಬಿಡಿ ಬಿಡಿಯಾಗಿ ಹಲವು ಕಡ್ಡಿಗಳಂತೆ ಕಂಡರೆ ಆ ಬಲ್ಬು ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಮಿಣುಕುತ್ತಿದೆ ಎಂದರ್ಥ. ಹಗಲಿನಂತೆಯೇ ಸಮನಾದ ಪಟ್ಟಿ ಕಂಡರೆ ಅದರ ಡ್ರೈವರ್ ಚೆನ್ನಾಗಿದೆ. ಬಹಳ ಮಿಣುಕುವ ಬೆಳಕಿನಲ್ಲಿ ಓದಿದರೆ ಕೆಲವರಿಗೆ ಕಣ್ಣು ಆಯಾಸ, ತಲೆನೋವು ಬರುತ್ತದೆ. ಓದುವ ಜಾಗಕ್ಕೆ ಸಮನಾದ ಬೆಳಕಿನ ಬಲ್ಬನ್ನೇ ಆರಿಸಿಕೊಳ್ಳಿ.

ನಿಮಗೆ ಗೊತ್ತೇ?

ಕೆಂಪು ಬೆಳಕಿನ ಎಲ್‌ಇಡಿಯನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ರೂಪಿಸಿದರು. ಆದರೆ ಬಿಳಿ ಬೆಳಕಿಗೆ ನೀಲಿ ಎಲ್‌ಇಡಿ ಬೇಕಿತ್ತು. ಅದಕ್ಕಾಗಿ ಸುಮಾರು 30 ವರ್ಷ ಕಾಯಬೇಕಾಯಿತು. ಪ್ರಖರವಾದ ನೀಲಿ ಎಲ್‌ಇಡಿ ತಯಾರಿಸಿದ ಇಸಾಮು ಅಕಸಾಕಿ, ಹಿರೋಷಿ ಅಮಾನೊ ಮತ್ತು ಶುಜಿ ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ನಮ್ಮ ದೇಶದಲ್ಲಿ 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಿಂದ ಕಡಿಮೆ ಬೆಲೆಯ ಎಲ್‌ಇಡಿ ಬಲ್ಬುಗಳು ಮನೆಮನೆಗೆ ತಲುಪಿದವು.

ನಿಮ್ಮ ಪುಸ್ತಕದಲ್ಲಿ ಬರೆಯಿರಿ

ಒಂದು ವಾರ ನಿಮ್ಮ ಮನೆಯ ದೀಪಗಳನ್ನು ಗಮನಿಸಿ. ದಿನ, ಸಮಯ, ಯಾವ ದೀಪ, ಆಗ ಯಾವ ಯಂತ್ರ ಓಡುತ್ತಿತ್ತು, ಪಕ್ಕದ ಮನೆಯಲ್ಲೂ ಹಾಗೆಯೇ ಆಯಿತೇ ಎಂಬ ಐದು ಕಲಂಗಳ ಪಟ್ಟಿ ಮಾಡಿ. ಎಲೆಕ್ಟ್ರಿಶಿಯನ್ ಬಂದಾಗ ಈ ಪಟ್ಟಿ ತೋರಿಸಿ. ದೋಷ ಹುಡುಕುವ ಅವರ ಕೆಲಸ ಹಗುರವಾಗುತ್ತದೆ.

ಯೋಚಿಸಿ ಉತ್ತರಿಸಿ

1. ಬಲ್ಬು ಅದಲು ಬದಲು ಮಾಡುವಾಗ ಹೋಲ್ಡರನ್ನೂ ಬದಲಿಸಿಬಿಟ್ಟರೆ ದೋಷ ಯಾವುದರದು ಎಂದು ಹೇಳಲು ಆಗುತ್ತದೆಯೇ? ಏಕೆ?
2. ಬ್ಯಾಟರಿಯಿಂದ ನೇರವಾಗಿ ಉರಿಯುವ ಎಲ್‌ಇಡಿಗೆ ಡಯೋಡುಗಳ ಸಹಾಯ ಬೇಕೇ?
3. ನಿಮ್ಮ ಮನೆಯ ಮೇನ್ ಸ್ವಿಚ್ ಎಲ್ಲಿದೆ? ಮನೆಯ ದೊಡ್ಡವರೆಲ್ಲರಿಗೂ ಅದು ಗೊತ್ತಿದೆಯೇ? ಇಂದೇ ಕೇಳಿ ನೋಡಿ.